ಪೆಪ್ಪರಮಿಂಟಿನ ಕಾಗದದ ಮೇಲಿನ ಹೆಸರು

ನಸ್ರೀನ್, ನಿಮ್ಮಪ್ಪ ಸುಳ್ಳು ಹೇಳಿರಲಿಲ್ಲ. ಪೆಪ್ಪರಮಿಂಟಿನ ಕಾಗದದ ಮೇಲೆ ಅಚ್ಚು ಹಾಕಲು ಅವರು ಕೇಳಿದ್ದು ನಿನ್ನ ಹೆಸರನ್ನೇ. ಬೇರೆ ಹೆಸರು ಜೋಡಿಸಿ, ಇದು ನಿಮ್ಮ ಮಗಳದ್ದೇ ಎಂದು ಅವರನ್ನು ನಂಬಿಸಿದವನು ನಾನು — ಶಿಕಾರಿಪುರದ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಕಂಪೋಸಿಟರ್. ನಿನಗೀಗ ಮೊಮ್ಮಕ್ಕಳಿರಬಹುದು, ಆದರೂ ನನ್ನ ಬಾಯಿಗೆ ಏಕವಚನವೇ ಬರುತ್ತದೆ, ಬೇಸರ ಮಾಡಿಕೊಳ್ಳಬೇಡ.

ಎಪ್ಪತ್ತರ ದಶಕದ ನಡುವಿನ ಮಾತು. ಆಗ ನಾರ್ಲಿನ್ ಎಂಬ ಪೆಪ್ಪರಮಿಂಟು ಇಲ್ಲದ ಅಂಗಡಿಯೇ ಇರಲಿಲ್ಲ. ಹೆಸರು ಇಂಗ್ಲೀಷಿನಲ್ಲಿ ಮಾತ್ರ. ಶಿಕಾರಿಪುರದಲ್ಲಿ ಅದು ‘ನಾರ್ಲಿ’, ಸೊರಬದಲ್ಲಿ ‘ನರೋಲಿನ್’, ಆನವಟ್ಟಿ ಸಂತೆಯಲ್ಲಿ ‘ನಾರಲಿಂಗ’ — ಯಾವುದೋ ಗುಡಿಯ ದೇವರ ಹಾಗೆ! ಸರಿಯಾಗಿ ಹೇಗೆ ಹೇಳಬೇಕೆಂದು ಜನ ನನ್ನನ್ನು ಕೇಳುತ್ತಿದ್ದರು. ನನಗೇನು ಗೊತ್ತು, ಮಣ್ಣು? ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ, ಇಂಗ್ಲೀಷ್ ಮೊಳೆಗಳನ್ನು ಗುರುತಿಸುತ್ತಿದ್ದೆ, ಅಷ್ಟೇ. ಹಾಳೂರಿಗೆ ಉಳಿದವನೇ ಗೌಡ. ‘ನಾರ್ಲಿನ್’ ಎಂದು ತೀರ್ಪು ಕೊಟ್ಟೆ, ಎಲ್ಲರೂ ಒಪ್ಪಿದರು. ಜಂಬ ತಲೆಗೇರಿತ್ತು.

ನಿಮ್ಮಪ್ಪ ಖಾದರ್ ಸಾಬರು ಮನೆಯಲ್ಲೇ ಸಕ್ಕರೆ ಪಾಕ ಕಾಯಿಸಿ ಪೆಪ್ಪರಮಿಂಟು ಮಾಡಿ, ಸೈಕಲ್ಲಿನಲ್ಲಿ ಅಂಗಡಿಗಳಿಗೆ ಹಾಕುತ್ತಿದ್ದರು. ಬರೀ ಬಿಳಿ ಕಾಗದ ಸುತ್ತಿದ ಮಾಲು. ಒಂದು ದಿನ ಪ್ರೆಸ್ಸಿಗೆ ಬಂದರು.

“ಅಣ್ಣಾ, ಕಾಗದದ ಮ್ಯಾಲೆ ನಮ್ಮ ನಸ್ರೀನ್ ಹೆಸ್ರು ಇಂಗ್ಲೀಷ್ನಾಗೆ ಹಾಕ್ರಿ. ನಂಗೆ ಓದಾಕ್ ಬರಲ್ಲ. ನೀವು ಹಾಕಿದ್ದೇ ಸೈ.”

ನಾನು ಹಾಕಿದ್ದು ನಾರ್ಲಿನ್‌ನ ಅಕ್ಷರಗಳನ್ನು, ಒಂದನ್ನು ಮಾತ್ರ ಬದಲಿಸಿ — ‘ನೋರ್ಲಿನ್’. ಮಾಲು ಓಡಲಿ ಎಂಬ ಉಪಕಾರಬುದ್ಧಿಯೇ? ಸ್ವಲ್ಪ ಇದ್ದಿರಬಹುದು. ಹೆಚ್ಚಿನ ಪಾಲು, ನನ್ನ ಜಾಣತನಕ್ಕೆ ನಾನೇ ಹಿಗ್ಗುವ ಚಟ. ಕರಡು ಅಚ್ಚಿನ ಮೇಲೆ ಬೆರಳಾಡಿಸಿ ಅವರು ಕೇಳಿದರು, “ಇದು ನಸ್ರೀನ್, ಹೌದಲ್ರೀ?” ಹೂಂ ಎಂದೆ.

ಮಾಲು ಓಡಿತು. ನಿಮ್ಮಪ್ಪ ದಿನಾ ಆ ಕಾಗದವನ್ನು ಎದುರಿಗಿಟ್ಟು ನಿನ್ನಿಂದ ಸ್ಲೇಟಿನ ಮೇಲೆ ತಿದ್ದಿಸುತ್ತಿದ್ದರಂತೆ. “ಸ್ಕೂಲ್ನಾಗೆ ಕಲ್ಸೋಕಿಂತ ಮೊದ್ಲೇ ನಮ್ಮುಡುಗಿ ಇಂಗ್ಲೀಷ್ನಾಗೆ ಹೆಸ್ರು ಬರೀತಾಳ್ರೀ!” ಎಂದು ನನ್ನೆದುರೇ ಹಿಗ್ಗಿದ್ದರು. ಆಗಲಾದರೂ — ಹೇಳಬಹುದಿತ್ತು.

ಐದನೇ ಕ್ಲಾಸಿನಲ್ಲಿ ಇಂಗ್ಲೀಷ್ ಶುರುವಾದಾಗ ಮಾಸ್ತರರು ಹೆಸರು ಬರೆಯಲು ಕರೆದರು. ನೀನು ಎಲ್ಲರಿಗಿಂತ ಮೊದಲು ಎದ್ದು ಹೋಗಿ ಬೋರ್ಡಿನ ಮೇಲೆ ಬರೆದೆ, ‘ನೋರ್ಲಿನ್’ ಎಂದು. ಮುಂದಿನದು ನಿನಗೇ ಗೊತ್ತು. ಎಷ್ಟು ವರ್ಷ ನಿನ್ನನ್ನು ನಾರಲಿಂಗ ಎಂದು ಕರೆದರೋ, ನಾನು ಕಾಣೆ.

ಅವತ್ತೇ ಮಧ್ಯಾಹ್ನ ನಿಮ್ಮಪ್ಪ ನಿನ್ನ ಕೈ ಹಿಡಿದುಕೊಂಡು ಪ್ರೆಸ್ಸಿಗೆ ಬಂದು, ಕಾಗದ ತೋರಿಸಿ, ಇದರ ಮೇಲೆ ನಸ್ರೀನ್ ಹೆಸರು ಯಾಕಿಲ್ಲ ಎಂದು ಕೇಳಿದರು. ಮಾಲೀಕರು ಅಲ್ಲೇ ನಿಂತಿದ್ದರು — ಗಿರಾಕಿ ಹೇಳದೆ ಒಂದು ಮೊಳೆ ಬದಲಾದರೂ ಕೆಲಸದಿಂದ ಬಿಡಿಸುತ್ತಿದ್ದ ಮನುಷ್ಯ. ನಾನು ಹೇಳಿದೆ:

“ನೀವೇ ಹೇಳಿದ್ರಲ್ಲ ಸಾಬ್ರೇ, ಓಡೋ ಮಾಲಿನ ಹೆಸ್ರು ಹಾಕ್ರಿ ಅಂತ.”

ನಿಮ್ಮಪ್ಪ ನನ್ನ ಮುಖ ನೋಡಿದರು, ಮಾಲೀಕರ ಮುಖ ನೋಡಿದರು, ಕಾಗದವನ್ನು ಜೇಬಿಗೆ ಹಾಕಿಕೊಂಡರು. ನೀನು ಅವರ ಕೈಯಿಂದ ನಿನ್ನ ಕೈ ಬಿಡಿಸಿಕೊಂಡೆ. ಅದನ್ನು ನಾನು ನೋಡಿದೆ. ನೋಡಿಯೂ ಮೊಳೆ ಜೋಡಿಸಲು ಕೂತೆ.

ಅವರು ಪೆಪ್ಪರಮಿಂಟು ಮಾಡುವುದನ್ನು ನಿಲ್ಲಿಸಿ, ಸೊರಬಕ್ಕೆ ಹೋಗಿ ಸ್ಟೌ ರಿಪೇರಿಗೆ ಕೂತರು. ಎಷ್ಟೋ ವರ್ಷದ ಮೇಲೆ ಅಲ್ಲಿಯ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ತಪ್ಪಿಸಿಕೊಳ್ಳಲು ನೋಡಿದೆ, ಅವರೇ ಕರೆದು ಚಾ ಕುಡಿಸಿದರು.

“ನೀವು ಸುಳ್ಳು ಹೇಳಿದ್ದಕ್ಕೆ ನಂಗೆ ಸಿಟ್ಟಿಲ್ಲ ಅಣ್ಣಾ. ಮಾಲೀಕ್ರು ಎದ್ರಿಗಿದ್ರು, ನಿಮ್ ನೌಕ್ರಿ ಹೋಗ್ತಿತ್ತು. ಆದ್ರೆ ನಾನು ಏನ್ ಹೇಳಿದ್ರೂ ಮಗಳು ನಂಬಲ್ಲ. ನೀವು ಒಂದ್ಸಲ ಹೇಳ್ರಿ.”

“ಹೇಳ್ತೀನಿ ಸಾಬ್ರೇ,” ಎಂದೆ.

ಆಗ ನೀನು ಆನವಟ್ಟಿಯಲ್ಲಿ, ಗಂಡನ ಮನೆಯಲ್ಲಿದ್ದೆ. ಸೊರಬದಿಂದ ಅದೇನು ದೂರವೇ? ಬಸ್ಸು ಬಂತು, ನಾನು ಶಿಕಾರಿಪುರದ್ದನ್ನು ಹತ್ತಿದೆ. ನಾಳೆ ಹೋದರಾಯಿತು, ಮುಂದಿನ ವಾರ ಹೋದರಾಯಿತು — ಥೂ, ನನ್ನ ಜನ್ಮಕ್ಕಿಷ್ಟು! ಸಾಬರು ತೀರಿಕೊಂಡ ಸುದ್ದಿ ಬಂದಾಗಲೂ ನಾನು ಮನೆಯಿಂದ ಕದಲಲಿಲ್ಲ.

ಮೊನ್ನೆ ನಿಮ್ಮ ಕೇರಿಯವರೊಬ್ಬರು ಸಿಕ್ಕಿದ್ದರು. ಅಪ್ಪ ವ್ಯಾಪಾರಕ್ಕೋಸ್ಕರ ತನ್ನ ಹತ್ತಿರವೂ ಸುಳ್ಳಾಡಿದರು ಎಂದು ನೀನು ಈಗಲೂ ಹೇಳುತ್ತೀಯಂತೆ. ಆದ್ದರಿಂದ ಬರೆದೆ. ನಾಳೆ ಆನವಟ್ಟಿಗೆ ಬಂದು ಇದನ್ನು ನಾನೇ ನಿನ್ನ ಕೈಗೆ ಕೊಡುತ್ತೇನೆ. ನೀನು ಏನಂದರೂ ನಿಂತು ಕೇಳುತ್ತೇನೆ. ನಿಮ್ಮಪ್ಪ ಬದುಕಿರುವವರೆಗೂ ನೀನು ಅವರನ್ನು ನಂಬಲಿಲ್ಲ, ನಸ್ರೀನ್. ಅದಕ್ಕೆ ಕಾರಣ ನಾನು.