ಮೊಣಕಾಲಿನ ಮೇಲೊಂದು ರುಮಾಲು

ಮಾದನಹಿಪ್ಪರಗಾ ಬಸ್ಸಿನಲ್ಲಿ ಕುಳಿತು ಬರೆಯುತ್ತಿದ್ದೇನೆ; ಅಕ್ಷರಗಳು ಕುಣಿಯುತ್ತಿವೆ.

ಆಳಂದದಲ್ಲಿ ಬಸ್ಸಿಗಾಗಿ ಕಾಯುತ್ತ ಒಂದು ಬಟ್ಟೆ ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದೆ. ಪಕ್ಕದಲ್ಲಿ, ಎಲ್ಲರೂ ರಸೂಲ್ ಚಾಚಾ ಎಂದು ಕರೆಯುವ ಮುದುಕರೊಬ್ಬರು ರುಮಾಲು ಸುತ್ತುತ್ತಿದ್ದರು, ತಲೆಗಲ್ಲ, ತಮ್ಮದೇ ಮೊಣಕಾಲಿಗೆ. ಅಲ್ಲಿ ಸುತ್ತಿ ಮುಗಿಸಿ ಆಮೇಲೆ ಗಿರಾಕಿಯ ತಲೆಗಿಡುವುದು ಅವರ ಪದ್ಧತಿ. ಲಕ್ವಾ ಹೊಡೆದು ವರ್ಷದಿಂದ ಬಲಗೈ ಸುಮ್ಮನಿತ್ತಂತೆ. ಇವತ್ತೇ ಮತ್ತೆ ಕೆಲಸಕ್ಕೆ ಕೂತಿದ್ದರು. ಮಗಳ ಮದುವೆಗೆಂದು ಶಿವಣ್ಣ ಎಂಬವರು ತಂದ ಬಿಳಿ ರುಮಾಲು ಎರಡು ಸಲ ಸಡಿಲಾಗಿ ಬಿಚ್ಚಿಕೊಂಡಿತು.

"ಅಂಗಡ್ಯಾಗ ತಯಾರ್ ಪೇಟಾ ಅದಾವ, ಒಯ್ರಿ," ಎಂದರು ಚಾಚಾ.

"ನನಗ ನಿಮ್ಮ ಕೈದೇ ಬೇಕ್ರಿ. ಸಾವಕಾಶ ಸುತ್ರಿ," ಎಂದರು ಶಿವಣ್ಣ.

ಗೋಡೆಯ ಕ್ಯಾಲೆಂಡರಿನಲ್ಲಿ ಟುಲಿಪ್ ಹೂಗಳಿದ್ದವು. ಸುಮ್ಮನಿರಲಾರದೆ ಹೇಳಿದೆ: ತುರ್ಕಿಯಲ್ಲಿ ರುಮಾಲಿಗೆ ತುಲ್ಬೆಂದ್ ಎನ್ನುತ್ತಿದ್ದರು, ಹೂವು ರುಮಾಲಿನಂತೆ ಕಂಡಿತೆಂದು ಯುರೋಪಿನವರು ಆ ಮಾತಿನಿಂದಲೇ ಟುಲಿಪ್ ಎಂದು ಹೆಸರಿಟ್ಟರು.

ಚಾಚಾ ಕಸುಬುದಾರನ ಕಣ್ಣಿನಿಂದ ಹೂವನ್ನು ನೋಡಿದರು. "ಬುಡಕ್ಕ ಬಿಗಿ, ಮ್ಯಾಲ ಸಡ್ಲ. ಚಲೋ ಸುತ್ಯಾರ."

ಮೂರನೆಯ ಸಲ, ಬುಡದ ಸುತ್ತನ್ನು ಹಲ್ಲಿನಿಂದ ಎಳೆದು ಬಿಗಿದರು. ತಲೆಗಿಟ್ಟ ಮೇಲೆ ಶಿವಣ್ಣ ಜೋರಾಗಿ ತಲೆ ಅಲ್ಲಾಡಿಸಿದರು. ರುಮಾಲು ಕದಲಲಿಲ್ಲ.

ಅಷ್ಟರಲ್ಲಿ ಬಸ್ಸು ಬಂತು. ನಾನು ಓಡುತ್ತಿದ್ದಾಗ ಹಿಂದಿನಿಂದ ಚಾಚಾ ಕೂಗಿದರು: "ಸಾಹೇಬ್ರ, ಆ ಹೂವಿನ ಊರಿಗಿ ಹೋದ್ರ ಹೇಳ್ರಿ, ಆಳಂದದಾಗ ಸುತ್ತಾವ ಇನ್ನೂ ಅದಾನಂತ!"