ಎರಡನೆಯ ಲೈನು ಹಿಂದಿನ ಗಲ್ಲಿಯಿಂದ

ಮುಂಬಯಿ ಪಕ್ಕದ ಠಾಣೆಯಲ್ಲಿ, ಕಾರ್ಖಾನೆಗಳ ವಾಗ್ಳೆ ಎಸ್ಟೇಟಿನಲ್ಲಿ ನಮ್ಮ ಮನೆಯವರ ಕ್ಯಾಟರಿಂಗ್ ಇತ್ತು. ಅದರ ಆರ್ಡರ್ ಆಫೀಸು ನನ್ನ ಕೈಯಲ್ಲಿ: ಒಂದು ಮೇಜು, ಒಂದು ಕಂಪ್ಯೂಟರ್, ಗೋಡೆಗೆ ಹೊಡೆದ ರೂಟರ್. ನೆಟ್ ಹೋದರೆ ಯಾರಿಗೆ ಎಷ್ಟು ಅನ್ನ ಬೇಯಿಸಬೇಕೆಂದೇ ಗೊತ್ತಾಗುತ್ತಿರಲಿಲ್ಲ. ವಾಶಿಯ ದೊಡ್ಡ ಗಿರಾಕಿಯ ಆರ್ಡರ್ ಹಾಗೆ ಒಮ್ಮೆ ತಪ್ಪಿದಾಗ ನನ್ನ ಗಂಡನ ತಂದೆ ಖಡಾಖಂಡಿತವಾಗಿ ಹೇಳಿಬಿಟ್ಟರು.

"ಇನ್ನೊಮ್ಮೆ ಹೀಗಾದ್ರೆ ಈ ಕಂಪ್ಯೂಟರ್ ಸಾವಾಸವೇ ಬೇಡ. ಫೋನಲ್ಲಿ ಆರ್ಡರ್ ನಾನೇ ತಗೊಳ್ತೇನೆ. ನೀನು ಮನೆಯಲ್ಲಿರು ಮಾರಾಯ್ತಿ."

ಮನೆಯಲ್ಲಿರಬೇಕಂತೆ. ಆ ಕುರ್ಚಿಗಾಗಿ ನಾನು ಆಡಿದ ಜಗಳ ಅಷ್ಟಿಷ್ಟಲ್ಲ.

ಎರಡು ಲೈನು ಹಾಕಿಸೋಣ, ಒಂದು ಸತ್ತರೆ ರೂಟರ್ ತಾನಾಗಿ ಇನ್ನೊಂದಕ್ಕೆ ಹೋಗುತ್ತದೆ ಎಂದೆ. ಮಾವ ಒಪ್ಪಿದರು. ಆದರೆ ಎರಡನೆಯದನ್ನೂ ಮೊದಲಿನ ಲೈನು ಕೊಟ್ಟ ಕೇಬಲ್‌ವಾಲಾನಿಂದಲೇ ಹಾಕಿಸಿದರು. ಅವನು ಠಾಣೆಯ ನಮ್ಮ ಹಳೇ ಹೋಟೆಲಿನಲ್ಲಿ ದಿನಾ ಇಡ್ಲಿ ತಿನ್ನುವವನು. ತಿಂಡಿಗೆ ಬರುವವನನ್ನು ಬಿಟ್ಟು ಬೇರೆಯವನ ಹತ್ತಿರ ಹೋಗುವುದು ನಮ್ಮ ಹೋಟೆಲಿನವರಲ್ಲಿ ಮಹಾ ಮರ್ಯಾದೆಗೇಡು. ಲೈನಿಗೊಂದರಂತೆ ಅವನು ರೂಟರಿನ ಪಕ್ಕ ಕೂರಿಸಿದ ಎರಡೂ ಮೋಡೆಮ್ ಡಬ್ಬಿಗಳಲ್ಲಿ ಹಸಿರು ದೀಪ ಹತ್ತಿತು. ನಾನು ಹೊರಗೆ ಹೋಗಿ ನೋಡಿದರೆ ಎರಡೂ ವಯರು ಒಂದೇ ಕಂಬದಿಂದ, ಒಂದೇ ಕಟ್ಟಿನಲ್ಲಿ ಬರುತ್ತಿದ್ದವು. ಲಾರಿಯೊಂದು ತಾಗಿದರೆ ಎರಡೂ ಒಟ್ಟಿಗೆ ಢಮಾರ್.

"ಟೆನ್ಶನ್ ನಹೀ ಲೇನೇಕಾ, ಭಾಭೀ," ಎಂದ ಕೇಬಲ್‌ವಾಲಾ. ಕುರ್ಚಿ ಹೋಗುವುದು ನನ್ನದು, ಅವನಿಗೇನು ಟೆನ್ಶನ್?

ಯಾರನ್ನೂ ಕೇಳದೆ ಹಿಂದಿನ ಗಲ್ಲಿಯಿಂದ ಬೇರೆ ಕಂಪನಿಯ ಲೈನು ಎಳೆಸಿ, ಅವನ ಎರಡನೆಯದನ್ನು ಕಿತ್ತುಹಾಕಿದೆ. ರೂಟರಿನ ಸೆಟ್ಟಿಂಗಿನಲ್ಲಿ ಅವನ ಲೈನು ಮೊದಲು, ಇದು ಆಮೇಲೆ ಎಂದು ಹಾಕಿದೆ. ಪಕ್ಕದ ಡಬ್ಬಿ ಜೀವಂತ ಇದ್ದರೆ ಸಾಲದು, ಹೊರಗಿನ ಇಂಟರ್ನೆಟ್ ವಿಳಾಸವೊಂದು ಉತ್ತರ ಕೊಡುತ್ತಿದೆಯೇ ಎಂದು ಆಗಾಗ ವಿಚಾರಿಸುತ್ತಿರು, ಕೊಡದಿದ್ದರೆ ಲೈನು ಬದಲಿಸು ಎಂದೂ ಅದಕ್ಕೆ ಕಲಿಸಿದೆ.

ಮಾವ ಮುಖ ಊದಿಸಿಕೊಂಡರು. "ಅವನ ಮುಖ ಇನ್ನು ಹೇಗೆ ನೋಡುದು?"

"ನೀವು ನೋಡುದು ಬೇಡ ಮಾವ. ನಾಳೆ ಚಾ ಕುಡೀಲಿಕ್ಕೆ ಇಲ್ಲಿಗೇ ಕರೀರಿ. ನಾನೇ ನೋಡ್ತೇನೆ."

ಮರುದಿನ ಅವನು ಬಂದು ಕೂತ. ವಾಶಿಯ ಆರ್ಡರ್ ಬರುವ ಹೊತ್ತಿಗೆ ಸರಿಯಾಗಿ, ಹೊರಗಿನಿಂದ ಅವನ ಡಬ್ಬಿಗೆ ಬರುವ ವಯರನ್ನು ಕಿತ್ತೆ.

"ಹುಚ್ಚಾ ನಿಂಗೆ? ಈಗಲೇ ಬೇಕಿತ್ತಾ?" ಮಾವ ಎದ್ದು ನಿಂತರು.

ಈಗಲೇ ಬೇಕಿತ್ತು. ಆದರೂ ಪರದೆ ಅಲ್ಲಾಡದೆ ನಿಂತಾಗ ನನಗೆ ಹೆದರಿಕೆಯಾದದ್ದು ನಿಜ. ಕೇಬಲ್‌ವಾಲಾ ಚಾ ಲೋಟ ಕೆಳಗಿಟ್ಟ. ಅಷ್ಟರಲ್ಲಿ ಹಿಂದಿನ ಗಲ್ಲಿಯ ಲೈನಿನಿಂದ ವಾಶಿಯ ಆರ್ಡರ್ ಬಂತು, ಮಜ್ಜಿಗೆ ಹೆಚ್ಚು ಕಳಿಸಿ ಎನ್ನುವವರೆಗೆ ಪೂರ್ತಿ.

"ಆಯ್ತಲ್ಲ, ಇನ್ನು ವಯರ್ ಸಿಕ್ಕಿಸು," ಎಂದರು ಮಾವ, ಸಣ್ಣ ದನಿಯಲ್ಲಿ.

"ಎಲ್ಲ ಆರ್ಡರ್ ಬಂದು ಮುಗೀಲಿ ಮಾವ," ಎಂದೆ. ವಯರಿನ ತುದಿಯನ್ನು ಕೈಯಲ್ಲಿ ಹಿಡಿದುಕೊಂಡೇ ನನ್ನ ಕುರ್ಚಿಯಲ್ಲಿ ಕೂತೆ. ಮನೆಯಲ್ಲಿರು ಎಂದು ಆಮೇಲೆ ಯಾರೂ ಹೇಳಲಿಲ್ಲ.