ಸೋಸಿ ತೆಗೆದ ಹತ್ತು ದಿನ

ಪ್ರಣಾಲಿ ಮಗದೂಮ ಆ ನಿಯಮವನ್ನು ಬರೆದದ್ದು ಮೂರು ವರ್ಷದ ಹಿಂದೆ, ಅರ್ಧ ಗಂಟೆಯಲ್ಲಿ. ಬರೆದು ಮುಗಿಸಿದಾಗ ತುಸು ಹೆಮ್ಮೆಯೂ ಅನಿಸಿತ್ತು.

ಅವಳು ಶಿರೋಳ ಕಡೆಯ ಜೈನ ರೈತರ ಮಗಳು. ಓದಿದ್ದು, ಈಗ ದುಡಿಯುವುದು ಎರಡೂ ಕೊಲ್ಹಾಪುರದಲ್ಲಿ. ಆಸ್ಪತ್ರೆ, ಲ್ಯಾಬ್‌ಗಳ ದಾಖಲೆಗಳಿಂದ ರೋಗಿಗಳ ಹೆಸರು ಅಳಿಸಿ, ಕ್ಲೌಡ್‌ಗೆ ಹರಿಸಿ, ತಪ್ಪುಗಳನ್ನು ಸೋಸಿ ಔಷಧ ಸಂಶೋಧಕರಿಗೆ ತಲುಪಿಸುವುದು ಅವಳ ಕಂಪನಿಯ ಕೆಲಸ. ಅಲ್ಲಿ ಇದಕ್ಕೆ ಪೈಪ್‌ಲೈನ್ ಎನ್ನುತ್ತಾರೆ. ಸಕ್ಕರೆ ಕಾಯಿಲೆಯ ಹೊಸ ಮಾತ್ರೆಯೊಂದು ಮಾರುಕಟ್ಟೆಗೆ ಬಂದ ಮೇಲೆ ಜನರ ಮೈಯಲ್ಲಿ ಹೇಗೆ ನಡೆದುಕೊಳ್ಳುತ್ತಿದೆ ಎಂಬುದರ ಲೆಕ್ಕ ಆ ಪೈಪ್‌ಲೈನಿನಲ್ಲಿ ಹರಿಯುತ್ತಿತ್ತು.

ಇಚಲಕರಂಜಿಯ ಒಂದು ಲ್ಯಾಬಿನಿಂದ ವರ್ಷವರ್ಷವೂ ಮಳೆಗಾಲದ ಕೊನೆಗೆ ಹತ್ತು ದಿನ ಸಕ್ಕರೆಯ ಅಂಕಿ ಪಾತಾಳಕ್ಕೆ ಇಳಿಯುತ್ತಿತ್ತು. ನಲವತ್ತೆಂಟು, ನಲವತ್ನಾಲ್ಕು. ಅದೇ ದಿನಗಳಲ್ಲಿ ಗಡಹಿಂಗ್ಲಜದ ಆಸ್ಪತ್ರೆಯ ಅಂಕಿ ಕದಲುತ್ತಿರಲಿಲ್ಲ. ತೆಗೆದ ರಕ್ತವನ್ನು ತಾಸುಗಟ್ಟಲೆ ಹಾಗೇ ಬಿಟ್ಟರೆ ಅದರೊಳಗಿನ ಸಕ್ಕರೆ ತಾನಾಗಿ ಇಳಿಯುತ್ತದೆ. ಸಣ್ಣ ಲ್ಯಾಬ್, ನಿಷ್ಕಾಳಜಿ ಎಂದುಕೊಂಡಳು. ಒಂದೇ ಕಡೆಯಿಂದ ಇಷ್ಟು ಕಡಿಮೆ ಅಂಕಿ ಒಟ್ಟಿಗೆ ಬಂದರೆ ಇಡೀ ಗುಂಪನ್ನು ಕೈಬಿಡುವುದು: ಇದು ಅವಳ ನಿಯಮ.

ಆ ಮಾತ್ರೆಯ ಸುರಕ್ಷತೆಯ ವರದಿ ಹೊರಬೀಳಲು ವಾರವಿದ್ದಾಗ ಆ ಲ್ಯಾಬಿನ ಜಯಪಾಲ ಫೋನು ಮಾಡಿದ. ಅಂಕಿ ಕೈಬಿಟ್ಟದ್ದರಿಂದ ಆ ಲ್ಯಾಬಿನ ಹೆಸರಿಗೆ ಗುಣಮಟ್ಟ ಸಾಲದೆಂಬ ಕೆಂಪು ಗುರುತು ಬಿದ್ದಿತ್ತು.

"ಮ್ಯಾಡಮ್, ನನ್ನ ಮಷೀನ ಕೆಟ್ಟಿಲ್ರಿ. ನೀವು ತಗದ ಒಗದ ತಾರೀಖು ಪಂಚಾಂಗದಾಗ ನೋಡ್ರಿ. ಭಾದ್ರಪದ ಪಂಚಮಿಯಿಂದ ಚತುರ್ದಶಿ."

ಪ್ರಣಾಲಿ ಆ ತಾರೀಖುಗಳನ್ನು ಪರದೆಯ ಮೇಲೆ ತೆರೆದಳು.

"ದಶಲಕ್ಷಣ ಪರ್ವರಿ, ಜೈನರ ಉಪಾಸದ ಹತ್ತು ದಿನ. ಬಸದಿಯಾಗ ಔಷಧದಾನ ಅಂತ ಫುಕಟ ರಕ್ತ ತಪಾಸಣಿ ಇಡ್ತೇವಿ. ಮಂದಿ ಒಂದ ಹೊತ್ತು ಉಂಡು, ಸಕ್ಕರಿ ಗುಳಿಗಿ ನುಂಗಿ, ಮರುದಿನ ಮಧ್ಯಾಹ್ನದ ತನಕ ನೀರೂ ಮುಟ್ಟಂಗಿಲ್ಲ. ಸಕ್ಕರಿ ಇಳೀದ ಏನ ಮಾಡ್ತದ? ಹೋದ ವರ್ಷ ಮೂವರು ಪೂಜಿಗೆ ಕುಂತಲ್ಲೇ ಬಿದ್ದಾರ." ಮತ್ತೆ ಅವನೇ ಕೇಳಿದ: "ಮಗದೂಮ ಅಂದ್ರ ನಮ್ಮವರ ಅಲ್ರಿ? ನಿಮ್ಮ ಮನ್ಯಾಗ ಯಾರೂ ಉಪಾಸ ಹಿಡ್ಯಂಗಿಲ್ಲೇನು?"

ಅವಳ ತಾಯಿ ಪ್ರತಿ ವರ್ಷ ಹಿಡಿಯುತ್ತಿದ್ದಳು.

ಕೈಬಿಟ್ಟಿದ್ದ, ಆ ಹೊಸ ಮಾತ್ರೆ ನುಂಗುವವರ ಇನ್ನೂರ ಹನ್ನೆರಡು ಅಂಕಿಗಳನ್ನು ಅವಳು ಮರಳಿ ಸೇರಿಸಿ ನೋಡಿದಳು. ಉಪವಾಸ ಹಿಡಿದವರಿಗೆ ಆ ಮಾತ್ರೆ ಅಪಾಯ. ವರದಿಯಲ್ಲಿ ಒಂದು ಸಾಲಿನ ಎಚ್ಚರಿಕೆ ಸಾಕಿತ್ತು. ತಂಡದ ಮುಖ್ಯಸ್ಥ ಅಭಯಕುಮಾರರ ಬಳಿ ಹೋದಳು.

"ಸರ್, ಈ ಅಂಕಿ ಖರೇ ಅದಾವ. ತಪ್ಪು ನಂದು ಅಂತ ಬರದ ಕೊಡ್ತೇನಿ."

"ಡೇಟಾ ಲಾಕ್ ಆಗೇದವ್ವಾ, ಇನ್ನ ತಿದ್ದಾಕ ಬರಂಗಿಲ್ಲ. ಈಗ ಲಾಕ್ ತಗದ್ರ ಎಲ್ಲಾ ಮೊದಲಿಂದ. ನಿನ್ನ ತಪ್ಪು ಅಂದ್ರ ಕಂಪನಿದೂ ತಪ್ಪಾತು."

"ನೀವೂ ಉಪಾಸ ಹಿಡೀತೀರಲ್ರಿ."

"ಹಿಡೀತೇನಿ. ನನಗ ಸಕ್ಕರಿ ಬ್ಯಾನಿ ಇಲ್ಲಲಾ." ಅವರು ನಕ್ಕರು. "ಬೇಕಾದ್ರ ಒಂದ ಟಿಪ್ಪಣಿ ಬರದ ಕೊಡು, ಹಾಕೂಣು."

ಉಪವಾಸ, ಮಾತ್ರೆಯ ಅಪಾಯ, ತನ್ನ ತಪ್ಪು ಎಲ್ಲವನ್ನೂ ಅವಳು ನಾಲ್ಕು ಸಾಲಿನಲ್ಲಿ ಬರೆದುಕೊಟ್ಟಳು. ವರದಿ ಬಂದಾಗ ಅರವತ್ತೊಂದನೆಯ ಪುಟದ ಅಡಿಯಲ್ಲಿ ಹೀಗಿತ್ತು: 'ಒಂದು ಕೇಂದ್ರದಲ್ಲಿ ಮಾದರಿಗಳ ನಿರ್ವಹಣೆಯಲ್ಲಿ ಋತುಮಾನದ ದೋಷ ಕಂಡುಬಂದಿದ್ದು, ಆ ಅಂಕಿಗಳನ್ನು ಪರಿಗಣಿಸಿಲ್ಲ.' ಕೆಳಗೆ, ದತ್ತಾಂಶದ ಹೊಣೆ ಹೊತ್ತವರು: ಪ್ರಣಾಲಿ ಮಗದೂಮ.

ಜಯಪಾಲನಿಗೆ ಅದನ್ನು ಅವಳೇ ಫೋನಿನಲ್ಲಿ ಓದಿ ಹೇಳಿದಳು.

"ಅಂದ್ರ ದೋಷ ನಮ್ದಾತು."

"ಹಂಗ ಬರದಾರ್ರಿ."

"ಬರದಾರ ಅಂತೀರಿ. ಹೆಸರು ಯಾರದದ?"

ಅವಳು ಹೇಳಿದಳು. ಅವನು ಸಿಟ್ಟಾಗಲಿಲ್ಲ. "ಈ ಸಲ ಬಸದಿಯಾಗ ತಪಾಸಣಿ ಬ್ಯಾಡ ಅಂದಾರ ನಮ್ಮ ಮಾಲಕರು. ಮತ್ತ ಕೆಂಪು ಗುರುತು ಬಿದ್ರ ಲ್ಯಾಬಿಗೆ ಕೆಲಸ ಸಿಗಂಗಿಲ್ಲಂತ," ಎಂದು ಫೋನಿಟ್ಟ.

ಭಾದ್ರಪದದ ಆ ಹತ್ತು ದಿನ ಇಚಲಕರಂಜಿಯಿಂದ ಒಂದೇ ಒಂದು ಕಡಿಮೆ ಅಂಕಿಯೂ ಬರಲಿಲ್ಲ. ಪರದೆಯ ಮೇಲೆ ಆ ಲ್ಯಾಬಿನ ಹೆಸರಿನ ಮುಂದೆ, ಆ ದಿನಗಳಲ್ಲಿ ಮೊದಲ ಬಾರಿಗೆ, ಹಸಿರು ಗುರುತು ಮೂಡಿತ್ತು.